ನೀರು ಗಾಳಿಗೆ, ರುಚಿ ಡಬ್ಬಿಗೆ!

ಬಕ್ರೀದ್ ಮುಗಿದ ಮರುದಿನ ಹೈದರಾಬಾದಿನ ಹಳೇ ಊರಿನ ಮಾಳಿಗೆಗಳ ಕಡೆ ಕತ್ತೆತ್ತಿ ನೋಡಿ! ಬಟ್ಟೆ ಒಣಹಾಕುವ ಹಗ್ಗದ ಮೇಲೆ ಅರಿಶಿನ ಮೆತ್ತಿದ ಮಾಂಸದ ಪಟ್ಟಿಗಳು ಸಾಲಾಗಿ ತೂಗುತ್ತಿರುತ್ತವೆ. ಇದೇ ಸೂಖಾ ಗೋಶ್ತ್, ಅಂದರೆ ಒಣಮಾಂಸ. ಇಲ್ಲಿನ ಬಿರಿಯಾನಿಗೆ ಜನ ಸಾಲುಗಟ್ಟುತ್ತಾರೆ, ಹಲೀಮಿಗೆ 2010ರಲ್ಲೇ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿದೆ. ಆದರೆ ಈ ಊರಿನ ದೊಡ್ಡ ಬೆರಗು ನಡೆಯುವುದು ಒಲೆಯೇ ಇಲ್ಲದ ಮಾಳಿಗೆಯಲ್ಲಿ!

ದೊಡ್ಡ ಪ್ರಾಣಿಯೊಂದರ ಕುರ್ಬಾನಿಯಲ್ಲಿ, ಅಂದರೆ ಬಕ್ರೀದಿನ ಬಲಿಯಲ್ಲಿ, ಏಳು ಮಂದಿ ಪಾಲುದಾರರಾಗಬಹುದು. ಬಂದ ಪಾಲಲ್ಲಿ ಮನೆಗಿಷ್ಟು, ನಂಟರಿಗಿಷ್ಟು, ಬಡವರಿಗಿಷ್ಟು. ಹಂಚಿದ ಮೇಲೂ ಒಂದೇ ದಿನಕ್ಕೆ ಮನೆತುಂಬ ‘ಬಡೇ ಕಾ ಗೋಶ್ತ್’, ಅಂದರೆ ಇಲ್ಲಿ ಬಹುಮಟ್ಟಿಗೆ ಎಮ್ಮೆ-ಕೋಣದ ಮಾಂಸ. ಫ್ರಿಜ್ ಇಲ್ಲದ ಕಾಲದಲ್ಲಿ ಅದನ್ನು ಉಳಿಸಿಕೊಟ್ಟದ್ದು ಉಪ್ಪು ಮತ್ತು ಗಾಳಿ.

ಮಾಡುವ ಬಗೆ ನೋಡಿದರೆ ಕಣ್ಣರಳುತ್ತದೆ! ಮೂಳೆಯಿಲ್ಲದ ತೊಡೆಯ ಮಾಂಸ ಬೇಕು. ಕೊಬ್ಬನ್ನು ಪೂರ್ತಿ ತೆಗೆಯಬೇಕು, ಏಕೆಂದರೆ ಅದು ಒಣಗುವುದಿಲ್ಲ, ಕಮಟು ಹಿಡಿಯುತ್ತದೆ. ಚಾಕು ಎಳೆಯ ಗುಂಟ ಸಾಗಿ, ತುದಿಗೆ ಬಂದು, ಕಡಿಯದೆ ಹಿಂದಿರುಗುತ್ತದೆ. ಮುಷ್ಟಿಯಷ್ಟಿದ್ದ ತುಂಡು ಮಡಿಕೆ ಬಿಚ್ಚಿದ ಸೀರೆಯಂತೆ ಉದ್ದಕ್ಕೆ ತೆರೆದುಕೊಳ್ಳುತ್ತದೆ! ಉಪ್ಪು, ಅರಿಶಿನ, ಖಾರದ ಪುಡಿ, ಶುಂಠಿ-ಬೆಳ್ಳುಳ್ಳಿ ಹಚ್ಚಿ ಕೆಲವು ಗಂಟೆ ಬಿಟ್ಟರೆ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ. ಉಪ್ಪು ಕೆಲಸ ಶುರುಮಾಡಿದೆ! ಆಮೇಲೆ ಹಗ್ಗ, ಕಾಗೆ-ನೊಣಗಳಿಗೆ ಅಡ್ಡವಾಗಿ ತೆಳು ಬಟ್ಟೆ. ಇಬ್ಬನಿ ಬೀಳುವ ಮೊದಲೇ ಒಳಗೆ, ಬಿಸಿಲೇರಿದಾಗ ಮತ್ತೆ ಹೊರಗೆ. ಹೀಗೆ ಮೂರ್ನಾಲ್ಕು ದಿನ, ಒಣಗಿದ ಮೇಲೆ ಡಬ್ಬಿಗೆ.

ನಿಜವಾದ ಅಚ್ಚರಿ ಇದು: ಬಿಸಿಲು ಇಲ್ಲಿ ಏನನ್ನೂ ಬೇಯಿಸುತ್ತಿಲ್ಲ! ಹಸಿ ಮಾಂಸದಲ್ಲಿ ನೂರಕ್ಕೆ ಸುಮಾರು 75 ಪಾಲು ನೀರು. ಮಾಂಸ ಕೆಡಿಸುವ ಜೀವಿಗಳು ಬದುಕುವುದು ಆ ನೀರಿನಲ್ಲೇ. ಒಂದಷ್ಟನ್ನು ಉಪ್ಪು ಹಿಡಿದಿಡುತ್ತದೆ, ಉಳಿದದ್ದನ್ನು ಗಾಳಿ ಹೊತ್ತೊಯ್ಯುತ್ತದೆ. ಈ ಜೀವಿಗಳಿಗೆ ದಕ್ಕುವ ನೀರಿನ ಅಳತೆ, ವಿಜ್ಞಾನಿಗಳ ಮಾತಿನಲ್ಲಿ ‘ನೀರಿನ ಚಟುವಟಿಕೆ’, 0.85ಕ್ಕಿಂತ ಕೆಳಗಿಳಿದರೆ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯಲಾರವು. ಬಿಸಿಲು ಅತಿಯಾದರೂ ಕಷ್ಟವೇ: ಹೊರಗೆ ಬೇಗ ಗಟ್ಟಿ ಸಿಪ್ಪೆ ಕಟ್ಟಿ ಒಳಗಿನ ನೀರು ಸಿಕ್ಕಿಬೀಳುತ್ತದೆ. ಅದಕ್ಕೇ ಪಟ್ಟಿ ತೆಳುವಾಗಿರಬೇಕು, ಗಾಳಿ ಆಡುತ್ತಿರಬೇಕು.

ಇನ್ನು ಚಂದ್ರನ ಆಟ! ಚಂದ್ರನ ಪಂಚಾಂಗ ಹಿಡಿದು ನಡೆಯುವ ಬಕ್ರೀದ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2019ರಲ್ಲಿ ಅದು ಆಗಸ್ಟ್ 12ಕ್ಕೆ ಬಂತು, ಸುರಿವ ಮುಂಗಾರಿನ ನಡುವೆ. 2025ರಲ್ಲಿ ಜೂನ್ 7ಕ್ಕೆ, ಮಳೆಗಾಲದ ಬಾಗಿಲಲ್ಲಿ. ಇನ್ನು ಕೆಲವು ವರ್ಷ ಅದು ಬೇಸಿಗೆಯ ಉರಿಬಿಸಿಲಿನದು. ಒಂದು ಆಯುಷ್ಯದಲ್ಲಿ ಒಬ್ಬ ಅಜ್ಜಿ ಎಲ್ಲ ಋತುಗಳಲ್ಲೂ ಮಾಂಸ ಒಣಗಿಸುವುದನ್ನು ಕಲಿತಿರುತ್ತಾಳೆ!

ಈ ವಿದ್ಯೆ ಹಬ್ಬದ ಮನೆಗಳಲ್ಲಷ್ಟೇ ಇಲ್ಲ. ಹೈದರಾಬಾದ್ ರಾಜ್ಯ 1956ರಲ್ಲಿ ಮೂರು ಭಾಷೆಗಳ ಸೀಮೆಗಳಿಗೆ ಹಂಚಿಹೋಯಿತು, ಒಣಮಾಂಸ ಮಾತ್ರ ಮೂರರಲ್ಲೂ ಉಳಿಯಿತು. ತೆಲಂಗಾಣದ ದಲಿತರ ಮನೆಗಳಲ್ಲಿ ಒಣಮಾಂಸ ‘ತುನಕಲು’, ಮರಾಠವಾಡದಲ್ಲಿ ‘ಚಾನ್ಯಾ’, ನಮ್ಮ ಕನ್ನಡದ ಕೇರಿಗಳಲ್ಲಿ ‘ಒಣ ಖಂಡ’. ಶಾಹೂ ಪಾಟೋಳೆ ಅವರು 2015ರಲ್ಲಿ ಮರಾಠಿಯಲ್ಲಿ ಬರೆದ ‘ಅನ್ನ ಹೇ ಅಪೂರ್ಣಬ್ರಹ್ಮ’ ಮರಾಠವಾಡದ ದಲಿತರ ಅಡುಗೆಮನೆಯನ್ನೇ ದಾಖಲಿಸಿತು. ಕೊಡಗಿನ ಒಲೆಯ ಮೇಲೆ ಹೊಗೆಯಲ್ಲಿ ಒಣಗುವ ‘ಒಣಕ್ ಎರಚಿ’, ಟರ್ಕಿಯಲ್ಲಿ ಮೆಂತ್ಯ ಮೆತ್ತಿದ ಪಾಸ್ತಿರ್ಮಾ, ದಕ್ಷಿಣ ಆಫ್ರಿಕಾದಲ್ಲಿ ವಿನಿಗರ್-ಕೊತ್ತಂಬರಿ ಬೀಜದ ಬಿಲ್ಟಾಂಗ್. ಮಸಾಲೆ ಬೇರೆ, ಕಂಡುಕೊಂಡ ಸತ್ಯ ಒಂದೇ!

ಡಬ್ಬಿಯಿಂದ ತೆಗೆದ ಪಟ್ಟಿಯನ್ನು ತೊಳೆದು, ಬಿಸಿನೀರಲ್ಲಿ ನೆನೆಸಿ, ಚೆನ್ನಾಗಿ ಬೇಯಿಸಿ, ಎಣ್ಣೆಯಲ್ಲಿ ಹುರಿಯಿರಿ. ಪಕ್ಕದಲ್ಲಿ ಅನ್ನ, ಹುಣಸೆ ಹಿಂಡಿದ ಖಟ್ಟೀ ದಾಲ್. ಹೈದರಾಬಾದಿಗೆ ಹೋದಾಗ ಹೋಟೆಲಿನಲ್ಲಿ ಹುಡುಕಬೇಡಿ. ಗುರುತಿನವರ ಮನೆಯಲ್ಲಿ ಸೂಖಾ ಗೋಶ್ತ್ ಇದೆಯೇ ಎಂದು ಕೇಳಿ. ಮಾಡುವ ವಿದ್ಯೆಯನ್ನೂ ಕೇಳಿ ಬರೆದುಕೊಳ್ಳಿ!