ರಟ್ಟಿನ ತೂತು, ಮಗ್ಗದ ಸದ್ದು

ಎಂಜಿನಿಯರಿಂಗ್, ಗಣಕ ವಿಜ್ಞಾನ, ಶಿಕ್ಷಣಶಾಸ್ತ್ರ ಮತ್ತು ಮನುಷ್ಯನ ಕೆಲಸದ ಸಾಮರ್ಥ್ಯವನ್ನು ಅಳೆಯುವ ಶಾಸ್ತ್ರ ಎಂಬ ನಾಲ್ಕು ಸಂಶೋಧನಾ ಕ್ಷೇತ್ರಗಳು ವಿಶ್ವವಿದ್ಯಾಲಯಗಳಲ್ಲಿ ಬೇರೆ ಬೇರೆ ಕಟ್ಟಡಗಳಲ್ಲಿ, ಒಂದರ ಸುದ್ದಿ ಇನ್ನೊಂದಕ್ಕೆ ತಲುಪದಂತೆ ನಡೆಯುತ್ತವೆಯಾದರೂ, ಸೋಲಾಪುರದಲ್ಲಿ ಚಾದರ ನೇಯುವ ಒಂದು ಶೆಡ್ಡಿನೊಳಗೆ ಅವು ನಾಲ್ಕೂ ಒಂದೇ ಸೂರಿನಡಿ ಕಾಣಸಿಗುತ್ತವೆ. ಮಗ್ಗವು ಯಂತ್ರಶಾಸ್ತ್ರದ ವಿಷಯ. ಅದರ ನೆತ್ತಿಯ ಮೇಲೆ ತೂಗುವ ತೂತು ಕೊರೆದ ರಟ್ಟುಗಳು ಗಣಕದ ಪೂರ್ವಜರು. ದಿನವಿಡೀ ಅದರ ಮುಂದೆ ನಿಲ್ಲುವ ನೇಕಾರನ ಕಿವಿ, ಕಣ್ಣು ಮತ್ತು ಸೊಂಟ ಸಾಮರ್ಥ್ಯ ಸಂಶೋಧನೆಯ ವಸ್ತು. ಗೋಡೆಯ ಆಚೆ ಅದೇ ಸದ್ದಿನಲ್ಲಿ ಪಾಠ ಓದುವ ಮಗು ಶಿಕ್ಷಣಶಾಸ್ತ್ರಕ್ಕೆ ಸೇರಿದ್ದು.

ಸೋಲಾಪುರ ಜಿಲ್ಲೆಯಲ್ಲಿ, ಉತ್ತರಕ್ಕೆ ಸೀನಾ, ದಕ್ಷಿಣಕ್ಕೆ ಭೀಮಾ ಹರಿಯುವ ಮಂದ್ರೂಪದಿಂದ ಅಕ್ಕಲಕೋಟೆಯವರೆಗಿನ ಊರುಗಳಲ್ಲಿ ಕನ್ನಡ ಮನೆಮಾತಾಗಿದ್ದರೂ ಕಚೇರಿಯ ಭಾಷೆ ಮರಾಠಿ, ಮಗ್ಗದ ಕೇರಿಗಳ ಭಾಷೆ ಬಹುಮಟ್ಟಿಗೆ ತೆಲುಗು. 1877ರಲ್ಲಿ ಸೋಲಾಪುರದಲ್ಲಿ ನೂಲುವ ಮತ್ತು ನೇಯುವ ಮೊದಲ ದೊಡ್ಡ ಗಿರಣಿ ಶುರುವಾದ ಮೇಲೆ ಸುತ್ತಲಿನ ಒಣ ಬೇಸಾಯದ ಹಳ್ಳಿಗಳಿಂದ ಕೂಲಿಗಾರರೂ ತೆಲಂಗಾಣದಿಂದ ಪದ್ಮಶಾಲಿ ನೇಕಾರರೂ ಬಂದು ನೆಲೆಸಿದರು. ಗಿರಣಿಗಳು ಮುಚ್ಚಿದರೂ ಊರಿನ ಪೂರ್ವ ಭಾಗದ ಪವರ್‌ಲೂಮ್‌ಗಳು ಉಳಿದುಕೊಂಡವು, ಮತ್ತು ಅವುಗಳಲ್ಲಿ ತಯಾರಾಗುವ ಸೋಲಾಪುರಿ ಚಾದರಕ್ಕೆ ಮುಂದೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಒಂದು ಊರಿನ ಹೆಸರನ್ನು ಆ ಊರಿನ ಸರಕಿಗಷ್ಟೇ ಮೀಸಲಿಡುವ ಕಾನೂನಿನ ರಕ್ಷಣೆ, ದೊರೆಯಿತು.

ಚಾದರದ ಮೇಲಿನ ನವಿಲು ಮೂಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಟ್ಟೆಯಲ್ಲಿ ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಅಡ್ಡಕ್ಕೆ ಲಾಳಿ ಒಯ್ಯುವ ಎಳೆ ಹೊಕ್ಕು. ಲಾಳಿ ಒಮ್ಮೆ ಹಾಯುವಾಗ ಹಾಸಿನ ಯಾವ ಎಳೆಗಳು ಮೇಲೆದ್ದಿರಬೇಕು, ಯಾವುವು ಕೆಳಗೆ ಉಳಿಯಬೇಕು ಎಂಬುದನ್ನು ನಿರ್ಧರಿಸುವುದೇ ಚಿತ್ರ ನೇಯುವ ಕೆಲಸದ ತಿರುಳು. ಜಕಾರ್ಡ್ ಎಂಬ ಸಾಧನದಲ್ಲಿ ಪ್ರತಿ ಎಳೆಗೆ, ಅಥವಾ ಎಳೆಗಳ ಪ್ರತಿ ಗುಂಪಿಗೆ, ಒಂದು ಕೊಕ್ಕೆ, ಕೊಕ್ಕೆಗೆ ಒಂದು ಅಡ್ಡ ಸೂಜಿ ಇರುತ್ತದೆ. ರಟ್ಟಿನ ಪಟ್ಟಿಯೊಂದು ಬಂದು ಸೂಜಿಗಳ ಸಾಲಿಗೆ ಒತ್ತಿದಾಗ, ತೂತು ಇದ್ದಲ್ಲಿ ಸೂಜಿ ಒಳಗೆ ಸರಿದು ಕೊಕ್ಕೆ ತನ್ನ ಜಾಗದಲ್ಲೇ ನಿಂತು ಮೇಲೇಳುವ ಅಲಗಿಗೆ ಸಿಕ್ಕಿಕೊಳ್ಳುತ್ತದೆ. ತೂತು ಇಲ್ಲದಲ್ಲಿ ರಟ್ಟು ಸೂಜಿಯನ್ನು ಹಿಂದಕ್ಕೆ ತಳ್ಳಿ ಕೊಕ್ಕೆಯನ್ನು ಅಲಗಿನಿಂದ ತಪ್ಪಿಸುತ್ತದೆ. ಅಲಗು ಏಳುತ್ತದೆ, ಲಾಳಿ ಹಾಯುತ್ತದೆ, ಹಣಿಗೆ ಎಳೆಯನ್ನು ಒತ್ತಿ ಕೂಡಿಸುತ್ತದೆ, ಪಟ್ಟಿಗಳ ಸರಮಾಲೆ ಒಂದು ಹೆಜ್ಜೆ ಮುಂದೆ ತಿರುಗಿ ಮುಂದಿನ ರಟ್ಟು ಎದುರಾಗುತ್ತದೆ. ಒಂದು ಹೊಕ್ಕಿಗೆ ಒಂದು ರಟ್ಟು ಎಂಬ ಲೆಕ್ಕದಲ್ಲಿ, ಗ್ರಾಫ್ ಕಾಗದದ ಮೇಲೆ ಚೌಕ ತುಂಬಿ ಬರೆದ ನವಿಲು ಸಾಲು ಸಾಲಾಗಿ ಬಟ್ಟೆಗೆ ಇಳಿಯುತ್ತದೆ.

ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮಾರಿ ಜಕಾರ್ಡ್ 1804ರ ಸುಮಾರಿಗೆ ಈ ಸಾಧನವನ್ನು ರೂಪಿಸಿದನು. ಅವನಿಗಿಂತ ಮೊದಲೇ ಬೂಶೋನ್, ಫಾಲ್ಕನ್ ಮತ್ತು ವೋಕಾನ್ಸನ್ ಇದೇ ದಾರಿಯಲ್ಲಿ ನಡೆದಿದ್ದರು. ಇವರ ತುಂಡು ತುಂಡು ಯೋಜನೆಗಳನ್ನು ಕೆಲಸ ಮಾಡುವ ಒಂದೇ ಯಂತ್ರವಾಗಿ ಕೂಡಿಸಿದ್ದು ಜಕಾರ್ಡ್‌ನ ಹೆಚ್ಚುಗಾರಿಕೆ. ಅದಕ್ಕೆ ಮುಂಚೆ ಚಿತ್ರದ ರೇಷ್ಮೆ ನೇಯಲು ನೇಕಾರನ ಜೊತೆ ಹಗ್ಗ ಜಗ್ಗುವ ಸಹಾಯಕನೊಬ್ಬ ಬೇಕಾಗಿದ್ದು, ಹಲವೆಡೆ ಆ ಸಹಾಯಕ ಒಬ್ಬ ಹುಡುಗನಾಗಿರುತ್ತಿದ್ದ. ಅವನ ನೆನಪಿನ ಶಕ್ತಿ ಮತ್ತು ತೋಳಿನ ಶಕ್ತಿ ಎರಡನ್ನೂ ರಟ್ಟು ವಹಿಸಿಕೊಂಡಿತು. 1839ರಲ್ಲಿ ಜಕಾರ್ಡ್‌ನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯಲು ಸುಮಾರು 24,000 ರಟ್ಟುಗಳು ಬೇಕಾದವು. ಅದರ ಒಂದು ಪ್ರತಿಯನ್ನು ಲಂಡನ್ನಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ ಮಾತ್ರವಲ್ಲ, ತಾನು ಯೋಜಿಸಿದ ಲೆಕ್ಕದ ಯಂತ್ರಕ್ಕೆ ಆಜ್ಞೆ ಕೊಡಲು ಅಂಥ ರಟ್ಟುಗಳನ್ನೇ ಆರಿಸಿದ್ದ. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹೊಲೆರಿತ್ ತೂತಿನ ಪಟ್ಟಿಗಳಿಂದ ಎಣಿಸಿದನು. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಗಣಕ ಬಂದಾಗ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಪ್ರೊ. ವಿ. ರಾಜಾರಾಮನ್ ಮೊದಲಾದವರು ಪಾಠ ಹೇಳಿದ ವಿದ್ಯಾರ್ಥಿಗಳೂ ತಮ್ಮ ಪ್ರೋಗ್ರಾಮುಗಳನ್ನು ತೂತಿನ ಕಾರ್ಡುಗಳ ಕಟ್ಟಾಗಿಯೇ ಒಯ್ಯುತ್ತಿದ್ದರು. ಕಟ್ಟು ಕೈಜಾರಿ ಬಿದ್ದರೆ ಕ್ರಮ ತಪ್ಪಿ ಕೆಲಸವೆಲ್ಲ ಕೆಡುವ ಭಯ ಅವರಿಗೂ ಚಾದರದ ಪಟ್ಟಿ ಹೊಲಿಯುವವನಿಗೂ ಒಂದೇ ಆಗಿತ್ತು.

ತೂತು ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿಗಳನ್ನು ಗಣಕ ಶಾಸ್ತ್ರ ಒಂದು ಮತ್ತು ಸೊನ್ನೆ ಎಂದು ಕರೆದು, ಅಂಥ ಒಂದು ನಿರ್ಧಾರಕ್ಕೆ ಬಿಟ್ ಎಂಬ ಹೆಸರಿಟ್ಟಿದೆ. 400 ಕೊಕ್ಕೆಗಳ ಒಂದು ಜಕಾರ್ಡ್‌ನಲ್ಲಿ 500 ಹೊಕ್ಕುಗಳ ಒಂದು ಚಿತ್ರವಿದೆ ಎಂದುಕೊಂಡರೆ, ಅಲ್ಲಿ ಎರಡು ಲಕ್ಷ ಬಿಟ್‌ಗಳು, ಅಂದರೆ 25,000 ಬೈಟ್‌ಗಳಷ್ಟು ಮಾಹಿತಿ ರಟ್ಟಿನ ರೂಪದಲ್ಲಿ ತೂಗುತ್ತಿರುತ್ತದೆ. ಮೊಬೈಲಿನಲ್ಲಿ ಬರುವ ಶುಭೋದಯದ ಚಿತ್ರಕ್ಕೂ ಇದಕ್ಕಿಂತ ಹೆಚ್ಚು ಜಾಗ ಬೇಕಾದೀತು. ಆದರೆ ರಟ್ಟಿಗೆ ತಪ್ಪನ್ನು ತಾನೇ ತಿದ್ದಿಕೊಳ್ಳುವ ಬುದ್ಧಿಯಿಲ್ಲ: ಒಂದು ತೂತು ತಪ್ಪಿ ಬಿದ್ದರೆ ಚಿತ್ರ ಮರುಕಳಿಸಿದಾಗಲೆಲ್ಲ ನವಿಲಿನ ಕೊರಳಿನ ಅದೇ ಜಾಗದಲ್ಲಿ ಅದೇ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಈಗ ರಟ್ಟಿನ ಬದಲು ವಿದ್ಯುತ್ಕಾಂತಗಳು ಕೊಕ್ಕೆಗಳನ್ನು ಆಡಿಸುವ ಜಕಾರ್ಡ್‌ಗಳಿವೆ. ಕೇಂದ್ರ ಸರ್ಕಾರದ ಡಿಜಿಟಲ್ ಇಂಡಿಯಾ ಕಾರ್ಪೊರೇಷನ್ ನೇಯ್ಗೆಯ ಚಿತ್ರ ಬರೆಯಲೆಂದೇ ಡಿಜಿಬುನಾಯ್ ಎಂಬ ಮುಕ್ತ ತಂತ್ರಾಂಶವನ್ನು ಸಿದ್ಧಪಡಿಸಿದೆ. ಚಿತ್ರದ ಬಗೆಗೆ, ಯಂತ್ರದ ಬಗೆಗೆ ಎರಡು ಶತಮಾನಗಳಿಂದ ಧಾರಾಳವಾಗಿ ಸಂಶೋಧನೆ ನಡೆದಿದೆ ಎನ್ನಲು ಅಡ್ಡಿಯಿಲ್ಲ. ಮಗ್ಗದ ಮುಂದೆ ನಿಂತವನ ಬಗೆಗೆ ನಡೆದದ್ದು ಅದಕ್ಕೆ ಹೋಲಿಸಿದರೆ ಬಲು ಕಡಿಮೆ, ನಡೆದದ್ದೂ ಶೆಡ್ಡಿನವರೆಗೆ ಬರಲಿಲ್ಲ.

ಲಾಳಿ ಹಾರುವ ಪವರ್‌ಲೂಮ್ ಶೆಡ್ಡಿನಲ್ಲಿ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ದಾಟಿ 100ರ ಹತ್ತಿರ ಹೋಗುತ್ತದೆ. ಡೆಸಿಬೆಲ್ ಎಂಬ ಅಳತೆ ಕೂಡುತ್ತಾ ಹೋಗುವುದಲ್ಲ, ಗುಣಿಸುತ್ತಾ ಹೋಗುವುದು. 90ಕ್ಕೂ 100ಕ್ಕೂ ನಡುವಿನ ಅಂತರ ಹತ್ತು ಎಂದು ಕಂಡರೂ ಸದ್ದಿನ ಶಕ್ತಿ ಹತ್ತು ಪಟ್ಟಾಗಿರುತ್ತದೆ. ಭಾರತದ ಕಾರ್ಖಾನೆ ನಿಯಮಗಳು ಎಂಟು ತಾಸಿನ ಪಾಳಿಗೆ 90 ಡೆಸಿಬೆಲ್ ಮಿತಿ ಹಾಕಿವೆಯಾದರೂ, ಬೆರಳೆಣಿಕೆಯ ಆಳುಗಳಿರುವ ಮನೆಯ ಕೆಳಗಿನ ಶೆಡ್ಡುಗಳು ಕಾರ್ಖಾನೆ ಎಂಬ ಹೆಸರಿನಡಿಯೇ ಬರುವುದಿಲ್ಲ. ಸದ್ದು ಕಿವಿಯನ್ನು ಕೆಡಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದು ಕೆಲಸವನ್ನೂ ಕೆಡಿಸುತ್ತದೆಯೇ ಎಂಬುದನ್ನು ಅಳೆದು ನೋಡಿದವರು ಇಂಗ್ಲೆಂಡಿನ ವೆಸ್ಟನ್ ಮತ್ತು ಆಡಮ್ಸ್. 1930ರ ದಶಕದ ಆರಂಭದಲ್ಲಿ ಅವರು ಹತ್ತು ನೇಕಾರರಿಗೆ ಒಂದು ವಾರ ಕಿವಿಗೆ ಮುಚ್ಚಳ ಹಾಕಿಸಿ, ಮರುವಾರ ತೆಗೆಸಿ, ಹೀಗೆ 26 ವಾರಗಳವರೆಗೆ ಬಟ್ಟೆಯ ಲೆಕ್ಕ ಬರೆದುಕೊಂಡರು. ಮಗ್ಗ ತನ್ನ ವೇಗಕ್ಕೇ ಓಡುವುದರಿಂದ ಒಟ್ಟು ನೇಯ್ಗೆ ಹೆಚ್ಚಿದ್ದು ಅತ್ಯಲ್ಪ. ಆದರೆ ಹರಿದ ಎಳೆ ಕಟ್ಟುವುದು, ಕಂಡಿಕೆ ಬದಲಿಸುವುದು ಮುಂತಾಗಿ ಮನುಷ್ಯನ ಕೈಯಲ್ಲಿದ್ದ ಭಾಗವನ್ನಷ್ಟೇ ಬೇರೆ ಮಾಡಿ ನೋಡಿದಾಗ ಸಾಮರ್ಥ್ಯ ಶೇ. 12ರಷ್ಟು ಏರಿತ್ತು.

ಇಂಥ ಅಂಕಿಯನ್ನು ನಂಬುವ ಮೊದಲು ಒಂದು ಅನುಮಾನ ಪರಿಹಾರವಾಗಬೇಕು. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ, ತಮ್ಮ ಹಿತ ನೋಡುತ್ತಿದ್ದಾರೆ ಎಂದು ತಿಳಿದ ಮಾತ್ರಕ್ಕೆ ಕೆಲಸಗಾರರು ಹುರುಪಿನಿಂದ ದುಡಿಯುವುದುಂಟು. ಹಾಗಿದ್ದರೆ ಏರಿಕೆಗೆ ಕಾರಣ ಸದ್ದು ತಗ್ಗಿದ್ದೋ, ಹುರುಪೋ? 1960ರಲ್ಲಿ ಡೊನಾಲ್ಡ್ ಬ್ರಾಡ್‌ಬೆಂಟ್ ಮತ್ತು ಲಿಟ್ಲ್ ಪ್ರಕಟಿಸಿದ ಅಧ್ಯಯನ ಈ ಗಂಟನ್ನು ಬಿಡಿಸಿದ ರೀತಿ ಜಾಣತನದ್ದು. ಸಿನಿಮಾ ಫಿಲ್ಮಿನ ಅಂಚಿಗೆ ತೂತು ಹಾಕುವ ಕಾರ್ಖಾನೆಯೊಂದರಲ್ಲಿ (ಇಲ್ಲಿಯೂ ತೂತೇ ಎಂಬುದು ಕಾಕತಾಳೀಯ) ಕೆಲವು ಅಂಕಣಗಳ ಸದ್ದನ್ನು ಮಾತ್ರ ಸುಮಾರು 10 ಡೆಸಿಬೆಲ್ ಇಳಿಸಿ ಉಳಿದವನ್ನು ಹಾಗೆಯೇ ಬಿಟ್ಟಾಗ, ಕೆಲಸದ ವೇಗ ಎರಡೂ ಕಡೆ ಸಮನಾಗಿ ಏರಿತು, ಅದು ಹುರುಪು. ಮನುಷ್ಯನ ತಪ್ಪಿನಿಂದ ಸುರುಳಿ ಹರಿಯುವುದು ಮಾತ್ರ ಸದ್ದು ತಗ್ಗಿಸಿದ ಅಂಕಣಗಳಲ್ಲಿಯೇ ಕಡಿಮೆಯಾಯಿತು. ಗದ್ದಲವು ಕೈಯನ್ನು ನಿಧಾನ ಮಾಡುವುದಕ್ಕಿಂತ ಹೆಚ್ಚಾಗಿ ಗಮನವನ್ನು ನಡುನಡುವೆ ಕ್ಷಣಕಾಲ ಕದಿಯುತ್ತದೆ ಎಂಬ ತಿಳಿವಳಿಕೆ ಇಂಥ ಪ್ರಯೋಗಗಳಿಂದ ಗಟ್ಟಿಯಾಯಿತು.

ಭಾರತದಲ್ಲಿಯೇ ನಡೆದ ಹೆಸರಾಂತ ಪ್ರಯೋಗವೊಂದು ಅಹಮದಾಬಾದಿನದು. ಅಲ್ಲಿ 1947ರಲ್ಲಿ ವಿಕ್ರಮ್ ಸಾರಾಭಾಯಿ ಕಟ್ಟಿ ಬೆಳೆಸಿದ ಅಟಿರಾ ಎಂಬ ಜವಳಿ ಸಂಶೋಧನಾ ಸಂಸ್ಥೆಯಲ್ಲಿ ನೂಲು ಮತ್ತು ಬಣ್ಣದ ಪ್ರಯೋಗಾಲಯಗಳ ಜೊತೆಗೆ ಕಮಲಾ ಚೌಧರಿ ಅವರ ಮನಶ್ಶಾಸ್ತ್ರ ವಿಭಾಗವೂ ಇತ್ತು. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅದೇ ಊರಿನ ಕ್ಯಾಲಿಕೋ ಮಿಲ್ಲಿನಲ್ಲಿ ಹೊಸ ಸ್ವಯಂಚಾಲಿತ ಮಗ್ಗಗಳ ಶೆಡ್ಡನ್ನು ಅಧ್ಯಯನ ಮಾಡಿದಾಗ, 224 ಮಗ್ಗಗಳಿಗೆ 29 ಮಂದಿ ಇದ್ದು, ಕೆಲಸವನ್ನು ಹನ್ನೆರಡು ಬಗೆಯಾಗಿ ಸೀಳಲಾಗಿತ್ತು. ಎಳೆ ಕಟ್ಟುವವನಿಗೆ ಎಣ್ಣೆ ಬಿಡುವವನ ಗೊಡವೆಯಿಲ್ಲ, ಯಾವ ಮಗ್ಗಕ್ಕೂ ಇದು ನಮ್ಮದೆನ್ನುವ ಒಡೆಯರಿಲ್ಲ. ಯಂತ್ರ ಉತ್ತಮವಾದರೂ ನೇಯ್ಗೆ ಉತ್ತಮವಾಗದಿರಲು ಇದೇ ಕಾರಣವೆಂದು ಕಂಡ ಮೇಲೆ, ಏಳು ಮಂದಿಯ ಒಂದು ಗುಂಪಿಗೆ 64 ಮಗ್ಗಗಳನ್ನು ಪೂರ್ತಿಯಾಗಿ ಒಪ್ಪಿಸುವ ಏರ್ಪಾಡು ಬಂತು. ಗುಂಪಿನಲ್ಲಿ ಯಾರ ಜೊತೆ ಯಾರು ಎಂಬುದನ್ನು ಕೆಲಸಗಾರರೇ ಚುರುಕಾಗಿ ತೀರ್ಮಾನಿಸಿಕೊಂಡರು. ಸಾಮರ್ಥ್ಯ ಶೇ. 80ರಿಂದ 95ರ ಆಸುಪಾಸಿಗೆ ಏರಿ, ಕೆಟ್ಟ ಬಟ್ಟೆಯ ಪ್ರಮಾಣ ಶೇ. 32ರಿಂದ 20ಕ್ಕೆ ಇಳಿಯಿತು. ಪ್ರಯೋಗ ಹೀಗೆ ಗೆದ್ದಲ್ಲಿಗೆ ಕಥೆ ಮುಗಿಸುವವರೇ ಹೆಚ್ಚು. ಎರಿಕ್ ಮಿಲ್ಲರ್ 1970ರಲ್ಲಿ ಅದೇ ಮಿಲ್ಲಿಗೆ ಹೋಗಿ ನೋಡಿ 1975ರಲ್ಲಿ ಬರೆದ ವರದಿ ಹೇಳುವಂತೆ, ಒಂದು ಶೆಡ್ಡಿನಲ್ಲಿ ಗುಂಪಿನ ಪದ್ಧತಿ ಬಹುಮಟ್ಟಿಗೆ ಉಳಿದಿದ್ದರೆ ಇತರೆಡೆ ಮಾರುಕಟ್ಟೆಯ ಒತ್ತಡಕ್ಕೆ ಸಿಕ್ಕಿ ಹಳೆಯ ಚಾಳಿಯೇ ಮರಳಿತ್ತು. ಸಂಶೋಧನೆಯ ಬೆಲೆ ತಿಳಿಯುವುದು ಇಂಥ ಎರಡನೆಯ ಭೇಟಿಯಿಂದ. ಅದಕ್ಕೆ ಹಣ ಕೊಡುವವರು ಮಾತ್ರ ಕಡಿಮೆ.

ಮಗ್ಗದ ಸದ್ದು ನೇಕಾರನ ಕಿವಿಯಲ್ಲಿ ನಿಲ್ಲುವುದಿಲ್ಲ, ಮನೆಯ ಓದುವ ಮೂಲೆಗೂ ಬರುತ್ತದೆ. ನ್ಯೂಯಾರ್ಕಿನ ಶಾಲೆಯೊಂದರ ಒಂದು ಮಗ್ಗುಲಿಗೆ ಮೇಲ್ಸೇತುವೆಯ ರೈಲು ಹಾಯುತ್ತಿದ್ದುದನ್ನು ಗಮನಿಸಿ ಆರ್ಲೀನ್ ಬ್ರಾನ್ಜಾಫ್ಟ್ 1975ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಳಿಯ ಕಡೆಯ ಕೋಣೆಗಳಲ್ಲಿ ಕಲಿತ ಮಕ್ಕಳು ಓದಿನಲ್ಲಿ ಆಚೆ ಮಗ್ಗುಲಿನ ಮಕ್ಕಳಿಗಿಂತ ಹಿಂದುಳಿದಿದ್ದರು, ಆರನೆಯ ತರಗತಿಯ ಹೊತ್ತಿಗೆ ಆ ಅಂತರ ಒಂದು ವರ್ಷದ ಹತ್ತಿರ ಹೋಗಿತ್ತು. ಹಳಿಗೆ ರಬ್ಬರಿನ ಮೆತ್ತೆ, ಕೋಣೆಗೆ ಸದ್ದು ಹೀರುವ ಚಾವಣಿ ಹಾಕಿದ ಮೇಲೆ ಅದು ಇಲ್ಲವಾಯಿತು.

ಗಡಿ ತಾಲೂಕುಗಳ ಮಗುವಿಗೆ ಸದ್ದಿನ ಜೊತೆಗೆ ಭಾಷೆಯ ಗೋಡೆಯೂ ಇದೆ. ಅಕ್ಕಲಕೋಟೆ ಮತ್ತು ದಕ್ಷಿಣ ಸೋಲಾಪುರ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿದ್ದು, ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿ ಕನ್ನಡದಲ್ಲಿಯೂ ಪುಸ್ತಕ ಮುದ್ರಿಸುತ್ತದೆ. ಇದೇ ಜಿಲ್ಲೆಯ ಮಾಢಾ ತಾಲೂಕಿನ ಪರಿತೇವಾಡಿ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ ಅವರಿಗೆ 2020ರ ಡಿಸೆಂಬರ್ 3ರಂದು ಹತ್ತು ಲಕ್ಷ ಡಾಲರ್‌ಗಳ ಜಾಗತಿಕ ಶಿಕ್ಷಕ ಪ್ರಶಸ್ತಿ ಘೋಷಣೆಯಾದಾಗ, ಅವರು ಕನ್ನಡ ಕಲಿತು ಪಠ್ಯವನ್ನು ಮಕ್ಕಳ ಮಾತಿಗೆ ತಂದು ಅದಕ್ಕೆ ಕ್ಯೂಆರ್ ಕೋಡ್ ಜೋಡಿಸಿದರೆಂದು ಪ್ರಶಸ್ತಿ ನೀಡಿದವರು ಹೇಳಿದರು. ಡಿಸಲೆ ಬಹುಮಾನದ ಅರ್ಧವನ್ನು ಕೊನೆಯ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. 1994ರಲ್ಲಿ ಜಪಾನಿನ ಡೆನ್ಸೋ ವೇವ್ ಸಂಸ್ಥೆಯ ಮಸಾಹಿರೊ ಹಾರಾ ಮೋಟಾರು ಬಿಡಿಭಾಗಗಳ ಲೆಕ್ಕಕ್ಕೆಂದು ರೂಪಿಸಿದ ಈ ಕೋಡು ನೋಟಕ್ಕೂ ಗುಣಕ್ಕೂ ಜಕಾರ್ಡ್ ರಟ್ಟಿನ ಮೊಮ್ಮಗುವೇ ಸರಿ, ತೂತಿನ ಬದಲು ಕಪ್ಪು ಚೌಕ ಅಷ್ಟೇ. ಮೂರು ಮೂಲೆಗಳ ದೊಡ್ಡ ಚೌಕಗಳು ಕ್ಯಾಮೆರಾಕ್ಕೆ ದಿಕ್ಕು ತೋರಿಸುತ್ತವೆ. ಅಜ್ಜನಿಗಿಲ್ಲದ ಒಂದು ಗುಣ ಮೊಮ್ಮಗುವಿಗಿದೆ: ಮಾಹಿತಿಯನ್ನು ಗಣಿತದ ಉಪಾಯದಿಂದ ಹೆಚ್ಚುವರಿಯಾಗಿ ಹರಡಿ ಇಟ್ಟಿರುವುದರಿಂದ, ಎಣ್ಣೆ ಕಲೆಯಾಗಿ ಅಥವಾ ಪುಟ ಹರಿದು ಹೆಚ್ಚೆಂದರೆ ಶೇ. 30ರವರೆಗೆ ಹಾಳಾದರೂ ಅದನ್ನು ಓದಿಸಬಹುದು.

ಸೋಲಾಪುರದಲ್ಲಿ 1983ರಿಂದ ವಾಲ್‌ಚಂದ್ ತಾಂತ್ರಿಕ ಸಂಸ್ಥೆಯೂ 2004ರಿಂದ ವಿಶ್ವವಿದ್ಯಾಲಯವೂ ಇವೆ. ಜವಳಿ ಎಂಜಿನಿಯರಿಂಗ್ ಕಲಿಸುವ ಇಚಲಕರಂಜಿಯೂ ಇದೇ ರಾಜ್ಯದಲ್ಲಿದೆ. ವೆಸ್ಟನ್ ಮತ್ತು ಆಡಮ್ಸ್ ಮಾಡಿದ ಪ್ರಯೋಗವನ್ನು ಪೂರ್ವ ಭಾಗದ ಹತ್ತು ಮಗ್ಗಗಳ ಮೇಲೆ ಮತ್ತೆ ಮಾಡಲು ಬೇಕಾದದ್ದು ಹತ್ತು ಜೊತೆ ಕಿವಿಬೆಣೆ, ಒಂದು ಡೆಸಿಬೆಲ್ ಮಾಪಕ, ಒಂದು ನೋಟ್‌ಬುಕ್ ಮತ್ತು ಆರು ತಿಂಗಳ ತಾಳ್ಮೆ. ಆದರೆ ಪ್ರಶ್ನಾವಳಿಯನ್ನು ತೆಲುಗಿನಲ್ಲೋ ಮರಾಠಿಯಲ್ಲೋ ಕನ್ನಡದಲ್ಲೋ ಕೇಳಬೇಕೆಂಬುದು ಮೊದಲ ತೊಡಕಾದರೆ, ಎರಡನೆಯದು ಇನ್ನೂ ಸೂಕ್ಷ್ಮವಾದುದು: ಪಳಗಿದ ನೇಕಾರನು ಮಗ್ಗವನ್ನು ಕಣ್ಣಿನಿಂದ ಎಷ್ಟು ನೋಡಿಕೊಳ್ಳುತ್ತಾನೋ ಅಷ್ಟೇ ಕಿವಿಯಿಂದಲೂ ನೋಡಿಕೊಳ್ಳುತ್ತಾನೆ, ಬಡಿತದ ಲಯ ಕೊಂಚ ಬದಲಾದರೂ ಎಲ್ಲೋ ಎಳೆ ಹರಿಯಿತೆಂದು ತಿರುಗುತ್ತಾನೆ. ಚಾದರವೊಂದಕ್ಕೆ ಇಷ್ಟೆಂದು ಕೂಲಿ ಎಣಿಸಿಕೊಳ್ಳುವವನಿಗೆ ಆ ಸೂಚನೆ ತಪ್ಪಿಹೋದೀತೆಂಬ ಅಳುಕು ಸಹಜ, ಹಾಗಾಗಿ ಕೊಟ್ಟ ಬೆಣೆ ಜೇಬಿನಲ್ಲೇ ಉಳಿಯಬಹುದು. ಎಂಥ ಬೆಣೆ ಹಾಕಿದರೆ ಗದ್ದಲ ತಗ್ಗಿಯೂ ಹರಿದ ಎಳೆಯ ಸದ್ದು ಕೇಳಿಸೀತು ಎಂಬುದನ್ನು ಯಂತ್ರ ಬಲ್ಲವರೂ ಕಿವಿ ಬಲ್ಲವರೂ ಶೆಡ್ಡಿನೊಳಗೆ ಒಟ್ಟಿಗೆ ನಿಂತು, ನೇಕಾರನನ್ನು ಕೇಳಿಯೇ ತಿಳಿಯಬೇಕು.