ಸಮನ್ಸ್ ಬಂದರೆ ಹಿತ್ತಲ ಬಾಗಿಲು ಹುಡುಕಬೇಡಿ

ಗುಂಡ್ಲುಪೇಟೆ ಕಡೆಯ ಹಳ್ಳಿಗೆ ಕೋರ್ಟಿನ ಅಮೀನರು ಕಾಲಿಟ್ಟರೆಂದರೆ, ಸುದ್ದಿ ಅವರಿಗಿಂತ ಮೊದಲೇ ಮನೆ ಮುಟ್ಟುತ್ತದೆ. ಹುಡುಕುತ್ತಿರುವ ಆಸಾಮಿ ಅಷ್ಟರಲ್ಲಿ ತೋಟ ಸೇರಿರುತ್ತಾನೆ. ‘ಯಜಮಾನ್ರು ಊರಲ್ಲಿಲ್ಲ’ ಎಂದು ಒಳಗಿನಿಂದ ಉತ್ತರ. ಕಾಗದ ಮುಟ್ಟದಿದ್ದರೆ ಕೇಸೂ ತಟ್ಟುವುದಿಲ್ಲ ಎಂಬ ನಂಬಿಕೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತದೆ ಗಾದೆ. ಕೋರ್ಟಿಗೇ ಹೋಗದವನ ಗತಿ ಏನೆಂದು ಅದು ಹೇಳುವುದಿಲ್ಲ.

ಗೊಬ್ಬರದಂಗಡಿಯ ಬಾಕಿ, ಪ್ರೋನೋಟಿನ ಮೇಲೆ ತಂದ ಕೈಸಾಲ, ತರಕಾರಿ ಮಾರಿದ ಹಣ: ಇವೆಲ್ಲ ಸಣ್ಣ ಮೊತ್ತದ ದಾವೆಗಳು. ಇಂಥವಕ್ಕೆಂದೇ ರಾಜ್ಯದಲ್ಲಿ 1964ರ ಸ್ಮಾಲ್ ಕಾಸ್ ಕೋರ್ಟುಗಳ ಕಾಯ್ದೆ ಇದೆ. ಬೆಂಗಳೂರಿನಲ್ಲಿ ಅದಕ್ಕೆ ಪ್ರತ್ಯೇಕ ನ್ಯಾಯಾಲಯವೇ ಉಂಟು. ಈ ಬಗೆಯ ದಾವೆಯಲ್ಲಿ ಸಮನ್ಸ್ ಹೊರಡುವುದೇ ಅಂತಿಮ ವಿಲೇವಾರಿಗೆ. ವಾಯಿದೆ ಮೇಲೆ ವಾಯಿದೆ ಸಿಗುತ್ತದೆಂದು ಕಾಯುವಂತಿಲ್ಲ.

ತಪ್ಪಿಸಿಕೊಳ್ಳುವವರ ದಾರಿಗಳನ್ನೆಲ್ಲ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶ ಎಂದೋ ಮುಚ್ಚಿದೆ. ಪ್ರತಿವಾದಿ ಸಿಗುವ ಸೂಚನೆ ಇಲ್ಲದಿದ್ದರೆ ಜೊತೆಗಿರುವ ಕುಟುಂಬದ ವಯಸ್ಕ ಸದಸ್ಯರಿಗೆ ಸಮನ್ಸ್ ಕೊಡಬಹುದು. ಮೊದಲು ಅದು ಗಂಡಸರಿಗಷ್ಟೇ ಆಗುತ್ತಿತ್ತು. 1976ರ ತಿದ್ದುಪಡಿಯ ನಂತರ ಹೆಂಡತಿ, ತಾಯಿ ಪಡೆದರೂ ಜಾರಿಯಾದಂತೆಯೇ. ಸಹಿ ಹಾಕಲು ಒಪ್ಪದಿದ್ದರೆ ಅಮೀನರು ಪ್ರತಿಯನ್ನು ಹೊರಬಾಗಿಲಿಗೆ ಅಂಟಿಸಿ, ಮನೆ ಗುರುತಿಸಿದವರ ಮತ್ತು ಸಾಕ್ಷಿಗಳ ಹೆಸರು ಬರೆದು ಷರಾ ಹಾಕುತ್ತಾರೆ. ರಿಜಿಸ್ಟರ್ಡ್ ಅಂಚೆ ‘ನಿರಾಕರಿಸಿದ್ದಾರೆ’ ಎಂದು ವಾಪಸಾದರೆ ಸಮನ್ಸ್ ತಲುಪಿತೆಂದೇ ಕೋರ್ಟು ಘೋಷಿಸುತ್ತದೆ.

ಈ ಗಡಿಸೀಮೆಗೆ ಇನ್ನೊಂದು ತೊಡಕಿದೆ. ಶುಂಠಿ, ಕಾಫಿ ಕೆಲಸಕ್ಕೆ ವಯನಾಡಿಗೋ ಕೊಡಗಿಗೋ ಹೋದವರ ಮನೆಗೆ ಬೀಗ. ಅಂಥವರ ವಿಷಯದಲ್ಲಿ ವಾದಿ ಕೇಳಿಕೊಂಡರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಲು ಕೋರ್ಟು ಅನುಮತಿಸಬಹುದು. ಒಳಪುಟದ ಆ ನಾಲ್ಕು ಸಾಲು ಪ್ರತಿವಾದಿಯ ಕಣ್ಣಿಗೆ ಬೀಳದಿದ್ದರೂ ದಾವೆ ಮುಂದಕ್ಕೆ ಹೋಗುತ್ತದೆ.

ಈ ಕಾನೂನಿನ ಮತ್ತೊಂದು ಮಗ್ಗುಲು ರೈತನಿಗೆ ಅನುಕೂಲ. ತೆರಕಣಾಂಬಿಯಲ್ಲಿ ತರಕಾರಿ ಕೊಂಡ ಕೇರಳದ ವ್ಯಾಪಾರಿ ಹಣ ಉಳಿಸಿಕೊಂಡರೆ, ದಾವೆ ಹೂಡಲು ಬಂಡೀಪುರ ದಾಟಬೇಕಿಲ್ಲ. ವ್ಯವಹಾರ ನಡೆದ ಜಾಗ ಗುಂಡ್ಲುಪೇಟೆ ತಾಲ್ಲೂಕು; ಆದ್ದರಿಂದ ಅಲ್ಲಿಯೇ ದಾವೆ ಹಾಕಬಹುದು. ಸಮನ್ಸನ್ನು ವ್ಯಾಪಾರಿಯ ಊರಿನ ಕೋರ್ಟಿನ ಮೂಲಕ ಜಾರಿ ಮಾಡಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಬಾಕಿ ಹಣದ ದಾವೆಗೆ ಮೂರು ವರ್ಷಗಳ ಗಡುವು ಇರುವುದನ್ನು ಮರೆಯಬಾರದು.

ಸಮನ್ಸ್ ಕೈಗೆ ಬಂದವರು ಮೊದಲು ನೋಡಬೇಕಾದ್ದು ಮೂರು: ಯಾವ ಕೋರ್ಟು, ದಾವೆ ಸಂಖ್ಯೆ ಎಷ್ಟು, ಹಾಜರಾಗಬೇಕಾದ ದಿನ ಯಾವುದು. ಜೊತೆಗೆ ದಾವಾಪತ್ರದ ಪ್ರತಿ ಇರಲೇಬೇಕು. ಇಲ್ಲದಿದ್ದರೆ ಕೇಳಿ ಪಡೆಯಿರಿ. ಸಾಮಾನ್ಯ ದಾವೆಯಲ್ಲಿ ಸಮನ್ಸ್ ಜಾರಿಯಾದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ಸರಿ ಕಂಡರೆ ನ್ಯಾಯಾಧೀಶರು ಅದನ್ನು ದಾಖಲಿಸಿ 90 ದಿನಗಳವರೆಗೆ ಅವಕಾಶ ಕೊಡಬಹುದು. ಸಾಲ ತೀರಿಸಿದ್ದರೆ ರಸೀದಿ, ಬ್ಯಾಂಕ್ ಪಾಸ್‌ಬುಕ್ಕು, ಫೋನ್‌ಪೇ ದಾಖಲೆ ಲಗತ್ತಿಸಿ. ‘ಕೊಟ್ಟಿದ್ದೀನಿ ಸ್ವಾಮಿ’ ಎಂಬ ಬಾಯಿಮಾತಿನಿಂದ ಲೆಕ್ಕ ಚುಕ್ತಾ ಆಗುವುದಿಲ್ಲ.

ಗೈರಾದರೆ ಏಕಪಕ್ಷೀಯ ಡಿಕ್ರಿ. ಆಮೇಲೆ ಅಮಲ್ಜಾರಿ, ಜಪ್ತಿ. ಡಿಕ್ರಿ ರದ್ದು ಮಾಡಿಸಲು ದಾರಿ ಇದೆಯಾದರೂ ಅರ್ಜಿಯನ್ನು 30 ದಿನಗಳಲ್ಲಿ ಹಾಕಬೇಕು. ಸಮನ್ಸ್ ಸರಿಯಾಗಿ ಜಾರಿಯೇ ಆಗಿರದಿದ್ದರೆ ಮಾತ್ರ ಆ ಲೆಕ್ಕ ವಿಷಯ ತಿಳಿದ ದಿನದಿಂದ ಶುರು. ಚೆಕ್ ಬೌನ್ಸ್ ಪ್ರಕರಣ ಇವುಗಳ ಸಾಲಿಗೆ ಸೇರದು. ಅದು ಕ್ರಿಮಿನಲ್, ಅಲ್ಲಿ ಗೈರಾದವರಿಗೆ ವಾರಂಟ್ ಬರಬಹುದು.

ವಕೀಲರ ಫೀಸಿಗೆ ಹೆದರಿ ಸುಮ್ಮನಿರುವವರೇ ಹೆಚ್ಚು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಚಾಮರಾಜನಗರದ ಜಿಲ್ಲಾ ಪ್ರಾಧಿಕಾರ, ಗುಂಡ್ಲುಪೇಟೆಯ ತಾಲ್ಲೂಕು ಸಮಿತಿ ಇರುವುದೇ ಇದಕ್ಕೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸು.

ಸಮನ್ಸ್ ಎಂದರೆ ಶಿಕ್ಷೆಯಲ್ಲ, ನಿಮ್ಮ ಮಾತು ಹೇಳಲು ಬಂದ ಕರೆ. ಸಹಿ ಹಾಕಿ ಪಡೆಯಿರಿ, ದಿನಾಂಕ ಗುರುತು ಮಾಡಿಕೊಳ್ಳಿ, ಯಾರನ್ನು ಕೇಳಬೇಕೋ ತಿಳಿಯದಿದ್ದರೆ 15100ಕ್ಕೆ ಫೋನ್ ಮಾಡಿ.