ಹೆಸರೇ ಬಂಡವಾಳ: ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ಅವರ ವೃತ್ತಿ ಮತ್ತು ವ್ಯವಹಾರ

ಬಂಡವಾಳವೆಂದೊಡನೆ ನಮ್ಮ ಗಮನ ಹಣ, ಯಂತ್ರ, ಕಟ್ಟಡ ಮತ್ತು ದಾಸ್ತಾನಿನ ಕಡೆಗೆ ಹರಿಯುವುದು ಸಹಜ. ಆಸ್ತಿ-ಹೊಣೆ ಪಟ್ಟಿಯಲ್ಲಿ ಕಾಣುವುದೂ ಇವೇ. ಆದರೆ ಹತ್ತಾರು ವರ್ಷ ಪ್ರಾಮಾಣಿಕವಾಗಿ ನಡೆದುಕೊಂಡು ಬಂದ ಸಂಸ್ಥೆಯೊಂದರ ಅತಿ ದೊಡ್ಡ ಆಸ್ತಿ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಸಂಸ್ಥೆಯು ತಾನಾಗಿ ಬೆಳೆಸಿಕೊಂಡ ಗುಡ್‌ವಿಲ್ಲನ್ನು ಆಸ್ತಿಯೆಂದು ತೋರಿಸಲು ಲೆಕ್ಕಪತ್ರ ಮಾನಕ 26 ಅವಕಾಶ ಕೊಡುವುದಿಲ್ಲ. ಲೆಕ್ಕಕ್ಕೆ ಸಿಗದ ಈ ಆಸ್ತಿಯನ್ನು ಗಳಿಸುವ, ಕಾಪಾಡುವ ಮತ್ತು ದುಡಿಸುವ ಬಗೆ ಯಾವುದು ಎಂಬ ಪ್ರಶ್ನೆಗೆ ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ (1929–2016) ಅವರ ಜೀವನ ಒಳ್ಳೆಯ ಉತ್ತರವಾಗಿದೆ.

ಎರಡು ಅಂಕಿಗಳನ್ನು ಮೊದಲು ನೋಡೋಣ. ಅಮೆರಿಕದ ಪಿಜಿಎ ಟೂರ್ ಪಂದ್ಯಗಳಲ್ಲಿ ಪಾಮರ್ ತಮ್ಮ ಜೀವಮಾನದಲ್ಲಿ ಗಳಿಸಿದ ಬಹುಮಾನದ ಹಣ ಸುಮಾರು 18.6 ಲಕ್ಷ ಡಾಲರ್. ಎಲ್ಲ ಮೂಲಗಳಿಂದ ಅವರಿಗೆ ಬಂದ ಒಟ್ಟು ಆದಾಯ, ಫೋರ್ಬ್ಸ್ ಪತ್ರಿಕೆಯ ಅಂದಾಜಿನಂತೆ, ಸುಮಾರು 87.5 ಕೋಟಿ ಡಾಲರ್. ಅಂದರೆ ಆಟದ ಬಹುಮಾನ ಒಟ್ಟು ಗಳಿಕೆಯ ಶೇಕಡಾ ಒಂದರಷ್ಟೂ ಅಲ್ಲ. ಮಿಕ್ಕದ್ದೆಲ್ಲವೂ ಹೆಸರಿನ ದುಡಿಮೆ.

ಮೈದಾನದ ಮೇಲ್ವಿಚಾರಕನ ಮಗ

ಪಾಮರ್ 1929ರ ಸೆಪ್ಟೆಂಬರ್ 10ರಂದು ಪೆನ್ಸಿಲ್ವೇನಿಯಾ ರಾಜ್ಯದ ಲಟ್ರೋಬ್ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆ ಡೀಕನ್ ಪಾಮರ್ ಅಲ್ಲಿನ ಕಂಟ್ರಿ ಕ್ಲಬ್ಬಿನ ಹುಲ್ಲುಹಾಸಿನ ಮೇಲ್ವಿಚಾರಕರಾಗಿ, ಮುಂದೆ ಅದೇ ಕ್ಲಬ್ಬಿನ ಗಾಲ್ಫ್ ಶಿಕ್ಷಕರಾಗಿಯೂ ದುಡಿದರು. ಕ್ಲಬ್ಬಿನ ನೌಕರನ ಮಗನಿಗೆ ಸದಸ್ಯರ ಮಕ್ಕಳೊಡನೆ ಆಡುವ ಅವಕಾಶವಿರಲಿಲ್ಲ. ಸದಸ್ಯರು ಬರುವ ಮುನ್ನ ಅಥವಾ ಹೋದ ನಂತರ ಬಾಲಕ ಅಭ್ಯಾಸ ಮಾಡಬೇಕಾಗಿತ್ತು. ಶ್ರಮಕ್ಕೂ ಶಿಸ್ತಿಗೂ ಅವರಿಗೆ ತಂದೆಯೇ ಮೊದಲ ಗುರು.

ಕಾಲೇಜು ವಿದ್ಯಾಭ್ಯಾಸದ ನಡುವೆ ಆಪ್ತ ಗೆಳೆಯನೊಬ್ಬ ಕಾರು ಅಪಘಾತದಲ್ಲಿ ಮಡಿದಾಗ ಮನನೊಂದ ಪಾಮರ್ ಓದನ್ನು ತೊರೆದು ಕರಾವಳಿ ರಕ್ಷಣಾ ದಳವನ್ನು ಸೇರಿದರು. ಆನಂತರ ಕ್ಲೀವ್‌ಲ್ಯಾಂಡ್ ನಗರದಲ್ಲಿ ಬಣ್ಣದ ಮಾರಾಟ ಪ್ರತಿನಿಧಿಯಾಗಿ ದುಡಿದರು. 1954ರಲ್ಲಿ ಅಮೆರಿಕದ ಹವ್ಯಾಸಿ ಚಾಂಪಿಯನ್ ಪಟ್ಟ ಗೆದ್ದು, ಅದೇ ವರ್ಷ ವೃತ್ತಿಪರರಾದರು.

ಆ ಕಾಲದ ನಿಯಮದಂತೆ ಹೊಸ ವೃತ್ತಿಪರ ಆಟಗಾರ ಮೊದಲ ಆರು ತಿಂಗಳು ಟೂರ್ ಪಂದ್ಯಗಳ ಬಹುಮಾನದ ಹಣ ಪಡೆಯುವಂತಿರಲಿಲ್ಲ. ಖರ್ಚು ಮಾತ್ರ ಮೊದಲ ದಿನದಿಂದಲೇ ಆರಂಭ. ಹೊಸದಾಗಿ ಮದುವೆಯಾಗಿದ್ದ ದಂಪತಿಗಳು ಕಾರಿನ ಹಿಂದೆ ಟ್ರೈಲರ್ ಮನೆಯನ್ನು ಕಟ್ಟಿಕೊಂಡು ಪಂದ್ಯದಿಂದ ಪಂದ್ಯಕ್ಕೆ ಸಾಗಿದರು. 1955ರಲ್ಲಿ ಕೆನಡಿಯನ್ ಓಪನ್ ಗೆದ್ದಾಗ ದೊರೆತದ್ದು 2,400 ಡಾಲರ್. ಉತ್ಪಾದನೆ ಆರಂಭವಾಗಿ ಮೊದಲ ಬಿಲ್ಲಿನ ಹಣ ಕೈಸೇರುವವರೆಗಿನ ದಿನಗಳನ್ನು ದಾಟಿ ಬಂದ ಯಾವ ಸಣ್ಣ ಉದ್ಯಮಿಗೂ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಗೆಲುವಿನ ವರ್ಷಗಳು

ಗಾಲ್ಫಿನಲ್ಲಿ ಕಡಿಮೆ ಹೊಡೆತಗಳಲ್ಲಿ ಆಟ ಮುಗಿಸಿದವನೇ ವಿಜೇತ. 1960ರ ಯು.ಎಸ್. ಓಪನ್ ಪಂದ್ಯದ ಕೊನೆಯ ಸುತ್ತಿಗೆ ಮುನ್ನ ಪಾಮರ್ ಅಗ್ರಸ್ಥಾನಿಗಿಂತ ಏಳು ಹೊಡೆತ ಹಿಂದಿದ್ದರು. 65 ಹೊಡೆತಗಳಲ್ಲಿ ಆ ಸುತ್ತನ್ನು ಮುಗಿಸಿ ಪ್ರಶಸ್ತಿಯನ್ನು ಕೈವಶ ಮಾಡಿಕೊಂಡರು. ಮಾಸ್ಟರ್ಸ್ ಪ್ರಶಸ್ತಿಯನ್ನು 1958, 1960, 1962 ಮತ್ತು 1964ರಲ್ಲಿ ಗೆದ್ದರು. ಪಿಜಿಎ ಟೂರ್‌ನಲ್ಲಿ ಅವರ ಒಟ್ಟು ಗೆಲುವುಗಳು 62. ದೂರದರ್ಶನ ಮನೆಮನೆಗೆ ಬರುತ್ತಿದ್ದ ಆ ಕಾಲದಲ್ಲಿ ಅಪಾಯಕ್ಕೆ ಅಂಜದ ಅವರ ಆಟ ಜನಸಾಮಾನ್ಯರನ್ನು ಸೆಳೆಯಿತು. ಅಭಿಮಾನಿಗಳ ಗುಂಪಿಗೆ ‘ಆರ್ನೀಸ್ ಆರ್ಮಿ’ ಎಂಬ ಹೆಸರೇ ಬಿದ್ದಿತು.

ಇಲ್ಲಿ ಒಂದು ಸಂಗತಿ ವ್ಯಾಪಾರಿಗಳಿಗೆ ಮುಖ್ಯವಾದುದು. ಬ್ರಿಟನ್ನಿನ ಓಪನ್ ಪಂದ್ಯದ ಬಹುಮಾನ ಆಗ ಅತ್ಯಲ್ಪ. 1961ರ ವಿಜೇತನಿಗೆ ಸಿಕ್ಕದ್ದು 1,400 ಪೌಂಡ್. ಪ್ರಯಾಣದ ಖರ್ಚೂ ಹುಟ್ಟದೆಂದು ಹೆಚ್ಚಿನ ಅಮೆರಿಕನ್ನರು ಅತ್ತ ತಲೆ ಹಾಕುತ್ತಿರಲಿಲ್ಲ. ಪಾಮರ್ 1960ರಲ್ಲಿ ಹೋಗಿ ಒಂದೇ ಹೊಡೆತದಿಂದ ಸೋತರು. ಪುನಃ ಹೋಗಿ 1961 ಮತ್ತು 1962ರಲ್ಲಿ ಗೆದ್ದರು. ಆ ವರ್ಷದ ಲಾಭ-ನಷ್ಟದ ದೃಷ್ಟಿಯಿಂದ ಅದು ದುಬಾರಿ ಪ್ರವಾಸ. ಆದರೆ ಅಮೆರಿಕದ ಆಚೆಗೂ ಅವರ ಹೆಸರು ನೆಲೆಯೂರಿದ್ದು ಅಲ್ಲಿಂದಲೇ.

ಕೈಕುಲುಕಿದ ಒಪ್ಪಂದ, ಕಾಗದದ ಒಪ್ಪಂದ

ಕ್ಲೀವ್‌ಲ್ಯಾಂಡಿನ ವಕೀಲ ಮಾರ್ಕ್ ಮೆಕ್‌ಕಾರ್ಮಾಕ್ ಅವರು ಪಾಮರ್ ಅವರ ವ್ಯವಹಾರಗಳ ಹೊಣೆ ಹೊತ್ತದ್ದು ಕೇವಲ ಕೈಕುಲುಕಿನ ಮೇಲೆ. ಅವರು 1960ರಲ್ಲಿ ಕಟ್ಟಿದ ಐಎಂಜಿ ಸಂಸ್ಥೆಯ ಮೊದಲ ಕಕ್ಷಿದಾರ ಪಾಮರ್. ಆ ನಂಬಿಕೆ 2003ರಲ್ಲಿ ಮೆಕ್‌ಕಾರ್ಮಾಕ್ ನಿಧನರಾಗುವವರೆಗೆ ಉಳಿಯಿತು. ಮುಂದೆ ಆ ಸಂಸ್ಥೆಯನ್ನು ಇತರರು ಕೊಂಡದ್ದು 200 ಕೋಟಿ ಡಾಲರಿಗೂ ಮೀರಿದ ಬೆಲೆಗೆ.

ಕಾಗದದ ಒಪ್ಪಂದದ ಕಥೆ ಬೇರೆ. ಆರಂಭದಲ್ಲಿ ಪಾಮರ್ ವಿಲ್ಸನ್ ಕಂಪನಿಯೊಡನೆ ಅಲ್ಪ ಮೊತ್ತಕ್ಕೆ ಕರಾರು ಮಾಡಿಕೊಂಡಿದ್ದರು. ಪ್ರಸಿದ್ಧಿ ಬಂದ ಮೇಲೆ ಅದು ಬಹಳ ಕಡಿಮೆಯೆನಿಸಿತು. ಪರಿಷ್ಕರಣೆಯ ಪ್ರಯತ್ನ ಫಲಿಸಲಿಲ್ಲ. ಆದರೂ ಅವರು ಕರಾರನ್ನು ಮುರಿಯಲಿಲ್ಲ. 1963ರಲ್ಲಿ ಅವಧಿ ಮುಗಿಯುವವರೆಗೆ ಕಾದು, ನಂತರವೇ ತಮ್ಮ ಹೆಸರಿನ ಗಾಲ್ಫ್ ದಾಂಡುಗಳ ತಯಾರಿಕೆಗೆ ಕೈಹಾಕಿದರು. ಬೆಲೆ ಏರಿತೆಂದು ಒಪ್ಪಿಕೊಂಡ ಸರಬರಾಜನ್ನು ನಡುವೆ ನಿಲ್ಲಿಸುವ ಪ್ರವೃತ್ತಿ ನಮ್ಮ ಮಾರುಕಟ್ಟೆಗೆ ಹೊಸದಲ್ಲ. ಆಗ ಉಳಿಯುವ ಹಣವೆಷ್ಟು, ಕಳೆಯುವ ಹೆಸರೆಷ್ಟು ಎಂಬುದನ್ನು ತೂಗಿ ನೋಡಬೇಕು.

ಬಿಚ್ಚಿದ ಕೊಡೆ

ಮೆಕ್‌ಕಾರ್ಮಾಕ್ ಅವರ ದೂರದೃಷ್ಟಿ ಒಂದಿತ್ತು. ಪಾಮರ್ ಅವರನ್ನು ‘ಗೆಲ್ಲುವ ಆಟಗಾರ’ ಎಂದು ಮಾರಿದರೆ ಸೋತ ದಿನ ಸರಕು ಹಳತಾಗುತ್ತದೆ. ಸಜ್ಜನಿಕೆ ಮತ್ತು ವಿಶ್ವಾಸಾರ್ಹತೆಗಳಿಗೆ ಸೋಲಿಲ್ಲ. ಕೆಂಪು, ಹಳದಿ, ಬಿಳಿ ಮತ್ತು ಹಸಿರು ಬಣ್ಣಗಳ ಬಿಚ್ಚಿದ ಕೊಡೆ ಅವರ ವಾಣಿಜ್ಯ ಚಿಹ್ನೆಯಾಯಿತು. ಈ ಚಿಹ್ನೆಯುಳ್ಳ ಉಡುಪುಗಳು ಜಪಾನ್ ಮತ್ತು ಕೊರಿಯಾಗಳಲ್ಲಿ, ಅವರ ಆಟವನ್ನೇ ನೋಡದ ತಲೆಮಾರಿಗೂ ಪ್ರಿಯವಾದವು. ಅವರ ವಿನ್ಯಾಸ ಸಂಸ್ಥೆ 300ಕ್ಕೂ ಹೆಚ್ಚು ಗಾಲ್ಫ್ ಮೈದಾನಗಳನ್ನು ರೂಪಿಸಿತು. ಗುರುಗ್ರಾಮದ ಡಿಎಲ್‌ಎಫ್ ಮೈದಾನದ ಮೊದಲ ವಿನ್ಯಾಸವೂ ಅವರದೇ. 1995ರಲ್ಲಿ ಪ್ರಸಾರ ಆರಂಭಿಸಿದ ಗಾಲ್ಫ್ ಚಾನೆಲ್ಲಿಗೆ ಅವರು ಸಹಸಂಸ್ಥಾಪಕರು. ಪಿಜಿಎ ಟೂರ್‌ನಲ್ಲಿ ಅವರ ಕೊನೆಯ ಗೆಲುವು 1973ರದು. ಆದಾಯ ಮಾತ್ರ ಆ ಬಳಿಕವೂ ಏರುತ್ತಲೇ ಹೋಯಿತು.

ಸೋಲುಗಳು ಇರಲಿಲ್ಲವೆಂದಲ್ಲ. 1966ರ ಯು.ಎಸ್. ಓಪನ್‌ನಲ್ಲಿ ಒಂಬತ್ತು ಗುಳಿಗಳ ಆಟ ಉಳಿದಿರುವಾಗ ಏಳು ಹೊಡೆತಗಳ ಮುನ್ನಡೆಯಿದ್ದರೂ ಅದನ್ನು ಕಳೆದುಕೊಂಡು, ಮರುದಿನದ ನಿರ್ಣಾಯಕ ಆಟದಲ್ಲಿ ಬಿಲ್ಲಿ ಕ್ಯಾಸ್ಪರ್ ಅವರಿಗೆ ಸೋತರು. ಆದರೂ ಅಭಿಮಾನಿಗಳು ದೂರವಾಗಲಿಲ್ಲ. ಕೇಳಿದವರಿಗೆಲ್ಲ, ಓದಲು ಬರುವಂತೆ, ಅಕ್ಷರ ಅಕ್ಷರವಾಗಿ ಅವರು ಹಸ್ತಾಕ್ಷರ ಹಾಕಿಕೊಡುತ್ತಿದ್ದರು. ಕಿರಿಯ ಆಟಗಾರರಿಗೂ ಅದನ್ನೇ ಬೋಧಿಸುತ್ತಿದ್ದರು. ಗೀಚಿದ ಸಹಿಯುಳ್ಳ ಕಡತಗಳ ನಡುವೆ ವೃತ್ತಿ ನಡೆಸುವ ನಮ್ಮಂಥವರಿಗೆ ಈ ಪಾಠ ಸಣ್ಣದಲ್ಲ.

ಬಾಲ್ಯದಲ್ಲಿ ತಮಗೆ ಮುಕ್ತ ಪ್ರವೇಶವಿರದಿದ್ದ ಲಟ್ರೋಬ್ ಕ್ಲಬ್ಬನ್ನು ಪಾಮರ್ 1971ರಲ್ಲಿ ಕೊಂಡುಕೊಂಡರು. ಅವರ ಹೆಸರಿನ ಮಕ್ಕಳ ಆಸ್ಪತ್ರೆ 1989ರಲ್ಲಿ ಒರ್ಲಾಂಡೋದಲ್ಲಿ ಆರಂಭವಾಯಿತು. 2016ರ ಸೆಪ್ಟೆಂಬರ್ 25ರಂದು ಅವರು ನಿಧನರಾದರು.

ನಮ್ಮ ವ್ಯಾಪಾರಿಗಳಿಗೆ

ಈ ಜೀವನದಿಂದ ಸಣ್ಣ ಉದ್ಯಮಿಗಳು ಗಮನಿಸಬೇಕಾದ ಅಂಶಗಳು ಮೂರು.

1. ಹೆಸರಿಗೆ ಕಾನೂನಿನ ರಕ್ಷಣೆ ಇರಲಿ. 1999ರ ವಾಣಿಜ್ಯ ಚಿಹ್ನೆಗಳ ಕಾಯಿದೆಯಂತೆ ನೋಂದಣಿ ಹತ್ತು ವರ್ಷ ಊರ್ಜಿತ. ಮತ್ತೆ ಮತ್ತೆ ನವೀಕರಿಸಬಹುದು. ತಂದೆಯ ಕಾಲದಿಂದ ಬಂದ ಅಂಗಡಿಯ ಹೆಸರನ್ನು ನೋಂದಾಯಿಸದೆ ಬಿಟ್ಟು, ಬೇರೊಬ್ಬರು ಬಳಸಿದಾಗ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಹೆಚ್ಚು ದುಬಾರಿ.

2. ಹೆಸರನ್ನು ಬಾಡಿಗೆಗೆ ಕೊಡುವಾಗ ಗುಣಮಟ್ಟದ ಹಿಡಿತವನ್ನು ಕೊಡಬೇಡಿ. ಪರವಾನಗಿ ಪತ್ರದಲ್ಲಿ ತಪಾಸಣೆಯ ಹಕ್ಕು, ರಾಯಧನ ಮತ್ತು ರದ್ದತಿಯ ಷರತ್ತು ಸ್ಪಷ್ಟವಾಗಿರಲಿ. ಬೇರೆಡೆ ತಯಾರಾದ ಕಳಪೆ ಮಾಲಿಗೆ ಗ್ರಾಹಕ ದೂರುವುದು ಮೇಲಿರುವ ಹೆಸರನ್ನೇ.

3. ಕೈಕುಲುಕು ನಂಬಿಕೆಗೆ, ಕಾಗದ ನೆನಪಿಗೆ. ಪಾಮರ್ ಅವರಿಗೆ ದೊರೆತಂಥ ಪಾಲುದಾರ ಎಲ್ಲರಿಗೂ ದೊರೆಯುವುದಿಲ್ಲ. ಆದುದರಿಂದ ಪಾಲುಗಾರಿಕೆಯ ಪತ್ರ ಬರೆದಿಡುವುದೇ ಲೇಸು. ಆದರೆ ಬರೆದ ಮೇಲೆ ಅದು ತಮಗೆ ಅನನುಕೂಲವಾದ ದಿನವೂ ನಡೆದುಕೊಳ್ಳುವುದರಲ್ಲಿ ವ್ಯಾಪಾರಿಯ ನಿಜವಾದ ಬೆಲೆಯಿದೆ.

ಯಂತ್ರಗಳಿಗೆ ವರ್ಷವರ್ಷವೂ ಸವಕಳಿ ಬರೆಯುತ್ತೇವೆ. ಕೊಟ್ಟ ಮಾತನ್ನು ಉಳಿಸಿಕೊಂಡವನ ಹೆಸರಿಗೆ ಸವಕಳಿಯಿಲ್ಲ. ಅದು ಬಳಸಿದಷ್ಟೂ ಬೆಳೆಯುತ್ತದೆ.